ಬೀಗರನ್ನು ದಡದಲ್ಲಿ ನಿಲ್ಲಿಸಿ

ತಿಥಿ ಮುಗಿದು ನೆಂಟರೆಲ್ಲ ಹೊರಟುಹೋಗಿದ್ದರು. ಮಾರನೆಯ ಬೆಳಿಗ್ಗೆ ಒಲೆ ಹಚ್ಚಿ ಹಾಲು ಕಾಯಿಸಿದೆ. ಇಬ್ಬರಿಗಾಗುವಷ್ಟು ಕಾಯಿಸಿದ್ದು ಆಮೇಲೆ ಗೊತ್ತಾಯಿತು.

ಗುತ್ತಲಿನ ನಮ್ಮ ಬೀದಿಯಲ್ಲಿ ಮೋಟಾರಿನ ಹಾರನ್ ಕೇಳಿಸಿತು. ಕಿಟಕಿಯಿಂದ ನೋಡಿದೆ. ಪೆಟ್ರೋಲಿನ ಬದಲು ಇದ್ದಿಲ ಹೊಗೆಯಿಂದ ಓಡಲೆಂದು ಹಿಂದುಗಡೆ ಇದ್ದಿಲ ಡಬ್ಬ ಕಟ್ಟಿದ ಅದೇ ಬಾಡಿಗೆ ಮೋಟಾರು. ಅದೇ ಡ್ರೈವರ್ ಜವರಯ್ಯ. ಎದುರುಮನೆ ರೇವಮ್ಮನವರ ಬಾಗಿಲಲ್ಲಿ ನಿಂತಿತ್ತು. ಅವರ ಮಗಳನ್ನು ಕೊಟ್ಟ ಮನೆಯವರು ಮದುವೆಯಾದ ಮೇಲೆ ಮೊದಲ ಸಲ ಅವಳನ್ನೂ ಕರೆದುಕೊಂಡು ಬಂದಿದ್ದರು. ಬುತ್ತಿಯ ಗಂಟುಗಳು ಮೋಟಾರಿನೊಳಗೆ ಹೋಗುತ್ತಿದ್ದವು.

ಎಲ್ಲಿಗೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಾವೂ ಹೀಗೆಯೇ ಹೊರಟಿದ್ದೆವು. ನಾದಿನಿಯ ಅತ್ತೆ ಮಾವ ಬಂದಿದ್ದರು. ಒಂದೇ ದಿನದಲ್ಲಿ ಕಾವೇರಿಯ ನಡುಗಡ್ಡೆಗಳನ್ನೆಲ್ಲ ಅವರಿಗೆ ತೋರಿಸೋಣವೆಂದು ನನ್ನ ಯಜಮಾನರು ಮೋಟಾರು ಗೊತ್ತು ಮಾಡಿದರು. ಬೆಳಿಗ್ಗೆ ಶ್ರೀರಂಗಪಟ್ಟಣ. ಆಮೇಲೆ ಮಳವಳ್ಳಿ ಮೇಲೆ ಶಿವನಸಮುದ್ರ. ಅವೆರಡಕ್ಕೂ ಸೇತುವೆ ಇದೆ. ಶಿವನಸಮುದ್ರದ ಕೆಳಗಿನ ಸಣ್ಣ ನಡುಗಡ್ಡೆಗೆ ಬುಟ್ಟಿಯಂಥ ಹರಿಗೋಲಿನಲ್ಲೇ ಹೋಗಬೇಕು.

"ಅರ್ಧ ಜನ ನಿಂತ್ಕಳಿ, ಎರಡು ಸಲ ದಾಟುಸ್ತೀನಿ" ಎಂದ ಅಂಬಿಗ.

ನಮ್ಮವರು ಒಪ್ಪಲಿಲ್ಲ. ಬೀಗರನ್ನು ದಡದಲ್ಲಿ ನಿಲ್ಲಿಸಿ ತಾವು ದಾಟುವುದೇ? ಅವರನ್ನು ಮುಂದೆ ಕಳಿಸಿ ತಾವು ಹಿಂದೆ ಉಳಿಯುವುದೇ? ಎರಡೂ ಮರ್ಯಾದೆಯಲ್ಲ. ಎಲ್ಲರೂ ಒಟ್ಟಿಗೆ ಹತ್ತಿದೆವು. ಹರಿಗೋಲಿನ ಅಂಚು ನೀರಿಗೆ ತಾಗುವಂತಿತ್ತು. ನಡುಹೊಳೆಯಲ್ಲಿ ಬೀಗಿತ್ತಿ ಹೆದರಿ ಎದ್ದು ನಿಂತರು. ಅಷ್ಟೇ.

ಅಂಬಿಗ ಸಿಕ್ಕವರನ್ನೆಲ್ಲ ಎಳೆದು ಮಗುಚಿದ ಹರಿಗೋಲನ್ನು ಹಿಡಿಸಿದ. ನನ್ನ ಯಜಮಾನರು ಸಿಗಲಿಲ್ಲ.

ಅವರಿಗೆ ಈಜು ಬರುತ್ತಿರಲಿಲ್ಲ. ಅದಕ್ಕೇ ರೇವಮ್ಮನವರ ಗಂಡ ಮರಿಯಯ್ಯನವರಿಂದ ಒಣ ಸೋರೆಬುರುಡೆ ಕೇಳಿ ತಂದಿದ್ದರು. ಬೆನ್ನಿಗೆ ಕಟ್ಟಿಕೊಂಡರೆ ಅದು ತೇಲಿಸುತ್ತದೆ. ಬೀಗರು ನಕ್ಕಾರೆಂದು ಅದನ್ನು ಮೋಟಾರಿನಲ್ಲೇ ಬಿಟ್ಟರು. ಕೂಗು ಕೇಳಿ ಜವರಯ್ಯ ಅದನ್ನು ತಂದು ನೀರಿಗೆ ಎಸೆದ. ಅದು ತೇಲಿತು. ಸುತ್ತಿ ಸುತ್ತಿ ದಡಕ್ಕೆ ಬಂತು.

ಈಗ ಮನೆಯ ಮೂಲೆಯಲ್ಲಿದ್ದ ಆ ಬುರುಡೆ ತೆಗೆದುಕೊಂಡು ಬೀದಿ ದಾಟಿದೆ.

ರೇವಮ್ಮನವರ ಮುಖ ಚಿಕ್ಕದಾಯಿತು. "ಒರಡೋ ಒತ್ನಲ್ಲಿ ಎದುರ್ಗೆ ಬಂದ್ಯಲ್ಲವ್ವ. ಒಂದ್ ಗಳಿಗೆ ತಡ್ಕಬಾರ್ದಾಗಿತ್ತಾ?"

"ನೀವು ಹೊರಡುವ ಮೊದಲೇ ಬರಬೇಕಿತ್ತು ರೇವಕ್ಕ. ಹರಿಗೋಲು ಹತ್ತುತ್ತೀರಾ?"

"ಅತ್ತದೆ ಮತ್ತೆ? ಬೀಗ್ರು ಅದ್ನೇ ನೋಡ್ಬೇಕು ಅಂತ ಬಂದವ್ರೆ."

"ಎರಡು ಸಲ ದಾಟಿ."

"ಅದೆಂಗಾದದು? ಅವ್ರನ್ನ ದಡದಲ್ಲಿ ನಿಲ್ಸಿ ನಾವು ಓಗಾದಾ? ನಮ್ ಮಗ್ಳು ಆ ಮನೇಲಿ ಬಾಳ್ಬೇಕು ಕಣಮ್ಮ. ನಿಮ್ಗಾದದ್ದು ಗಾಚಾರ. ಎಲ್ರಿಗೂ ಅಂಗೇ ಆದದಾ?"

"ಅಂಬಿಗ ಎರಡು ಸಲ ಅಂದಿದ್ದ. ನಾವು ಒಂದೇ ಸಲ ಅಂದೆವು. ಗ್ರಹಚಾರ ಎಲ್ಲಿಂದ ಬಂತು?"

ಜವರಯ್ಯ ಇದ್ದಿಲು ಕೆದಕುತ್ತಲೇ ಹೇಳಿದ: "ಅವತ್ತು ನಾನೂ ಬಾಯ್ಬುಡ್ನಿಲ್ಲ. ಇವತ್ತು ಯೋಳ್ಬುಡ್ತೀನಿ. ಒಟ್ಗೇ ಅತ್ತಾದಾದ್ರೆ ನನ್ ಗಾಡಿ ಓಡಾಕಿಲ್ಲ."

"ನೀನು ಗಾಡಿ ಓಡ್ಸಕ್ ಬಂದವ್ನೋ, ಬುದ್ದಿ ಯೋಳಕ್ ಬಂದವ್ನೋ?"

"ಎರಡ್ಕೂ ಸೇರಿ ಒಂದೇ ಬಾಡ್ಗೆ ಕಣಕ್ಕ."

ಯಾರೂ ನಗಲಿಲ್ಲ. ಆಗಲೇ ಒಳಗೆ ಕುಳಿತಿದ್ದ ಬೀಗರು, ಕೆಂಪಸಿದ್ದಯ್ಯನವರು, ಕೆಳಗಿಳಿದರು. ನನ್ನ ಕೈಯಲ್ಲಿದ್ದ ಬುರುಡೆಯನ್ನೇ ನೋಡಿದರು.

"ನಿಮ್ ಬೀಗ್ರು ಅವತ್ತು ಏನಂದ್ರವ್ವ? ದಡದಲ್ಲಿ ಕಾಯಾಕಾಗಾಕಿಲ್ಲ ಅಂದ್ರಾ?"

"ಅವರನ್ನು ಯಾರೂ ಕೇಳಲೇ ಇಲ್ಲ" ಎಂದೆ.

ಆ ಮಾತು ನನಗೂ ಅಲ್ಲಿಯೇ ಹೊಳೆದದ್ದು. ಮೋಟಾರಿನ ಬಾಗಿಲು ಹಿಡಿದುಕೊಂಡೆ.

ಕೆಂಪಸಿದ್ದಯ್ಯನವರು ಬುರುಡೆಯ ಮೇಲೆ ಕೈಯಿಟ್ಟರು. "ಅಂಗಾರೆ ನಾನೇ ಯೋಳ್ತೀನಿ. ನಾನು ದಡದಲ್ಲಿ ಕುಂತಿರ್ತೀನಿ, ನೀವು ಮೊದ್ಲು ದಾಟಿ. ಸೊಸೆ ತವರಿಗೆ ಸಾವು ತರೋ ಮರ್ಯಾದೆ ನಂಗ್ ಬ್ಯಾಡ." ರೇವಮ್ಮನವರ ಕಡೆ ತಿರುಗಿ, "ಕಾಯ್ಸುದ್ರು ಅಂತ ನಾನು ಆಮ್ಯಾಕೆ ಏನಾರ ಅಂದ್ರೆ, ಮುಂದ್ಲ ಅಬ್ಬಕ್ಕೆ ನಂಗೆ ಒಬ್ಬಟ್ಟು ಇಕ್ಬ್ಯಾಡಿ" ಎಂದರು.

ರೇವಮ್ಮನವರು ಸೆರಗಿನಿಂದ ಮುಖ ಒರೆಸಿಕೊಂಡರು. "ನೀವೇ ಮೊದ್ಲು ಓಗಿ ಬೀಗ್ರೆ. ಕಾಯಾ ಕೆಲ್ಸ ನಮ್ಗೆ ಬುಡಿ."

"ಮಳೆ ನೀರ್ಗೆ ಒಳೆ ಕೆಂಪಗೆ ಬಂದಿದ್ರೆ ಯಾರೂ ಅತ್ತಾದೇ ಬ್ಯಾಡ. ದಡದಲ್ಲೇ ಬುತ್ತಿ ಬಿಚ್ಚಾಮ" ಎಂದರು ಮರಿಯಯ್ಯ.

ಇದನ್ನು ಓದುವವರಲ್ಲಿ, ಓದಿಸಿ ಕೇಳುವವರಲ್ಲಿ ನನ್ನದೊಂದು ಬೇಡಿಕೆ. ಅಂಬಿಗ ಹೇಳಿದಷ್ಟೇ ಜನ ಹತ್ತಿ. ನಡುಹೊಳೆಯಲ್ಲಿ ಎದ್ದು ನಿಲ್ಲಬೇಡಿ. ಹೊಳೆ ಕೆಂಪಾದ ದಿನ ಹಿಂತಿರುಗಿ. ಈಜು ಬಾರದಿದ್ದರೆ ಬುರುಡೆ ಕಟ್ಟಿಕೊಳ್ಳಿ, ನಗುವವರು ನಗಲಿ. ನಿಮ್ಮ ಬೀಗರನ್ನು, "ಸ್ವಲ್ಪ ಕಾಯುತ್ತೀರಾ?" ಎಂದು ಬಾಯಿಬಿಟ್ಟು ಕೇಳಿ. ಕಾಯುತ್ತಾರೆ.

ಆ ಬೆಳಿಗ್ಗೆ ಮೋಟಾರು ಹೊರಡುವ ಮುಂಚೆ ಬುರುಡೆಯನ್ನು ಮರಿಯಯ್ಯನವರ ಕೈಗೆ ಕೊಟ್ಟೆ. ಅದರ ಹಗ್ಗ ನನ್ನ ಯಜಮಾನರು ಗಂಟು ಹಾಕಿದ ಹಾಗೆಯೇ ಇತ್ತು.

"ಇವರು ನಿಮ್ಮಿಂದ ಕೇಳಿ ತಂದದ್ದು" ಎಂದೆ.

ಮರಿಯಯ್ಯ ಗಂಟು ಬಿಚ್ಚಲಿಲ್ಲ. ಮಗಳನ್ನು ಕರೆದು ಅವಳ ಮಡಿಲಲ್ಲಿ ಇಟ್ಟರು.