ಟ್ಯಾಮ್ಸಿಗೆ ಕೇಳಿದ ಪ್ರಶ್ನೆ

ವರ್ಜೀನಿಯಾದ ಕರಡಿಗುಡ್ಡದಲ್ಲಿ ಹೊಲ ಮಾಡಬೇಕೆಂದರೆ ಮೊದಲು ಮರ ಕೊಲ್ಲಬೇಕು. ಬುಡದ ಸುತ್ತ ಕೊಡಲಿಯಿಂದ ತೊಗಟೆ ಕಿತ್ತು ಬಿಟ್ಟರೆ ಮರ ನಿಂತಲ್ಲೇ ಒಣಗುತ್ತದೆ. ಆ ಒಣಮರಗಳ ನಡುವೆ ಗುಣಿ ತೋಡಿ ಮೆಕ್ಕೆಜೋಳ ಹಾಕಬೇಕು. ಜೋಳಕ್ಕಿಂತ ಮುಂಚೆ ಕಲ್ಲು ಮೇಲೆ ಬರುತ್ತದೆ. ಆ ಕಲ್ಲಿನಲ್ಲಿ ಬೇಲಿ ಕಟ್ಟಬಹುದು. ಬೇಲಿ ಮುಗಿದರೂ ಕಲ್ಲು ಮುಗಿಯುವುದಿಲ್ಲ. ಏಸಾ ಪ್ರೂಯಿಟ್ ಮದುವೆಯಾದ ವರ್ಷದಿಂದ ಈ ಕಲ್ಲು ಆರಿಸುತ್ತಲೇ ಇದ್ದ. ಅವನ ಸೊಂಟ ಮೂವತ್ತೈದಕ್ಕೇ ಬಗ್ಗಿತ್ತು. ಬೆಳೆದ ಜೋಳದಲ್ಲಿ ಮೂರನೇ ಒಂದು ಪಾಲು ಕರ್ನಲ್ ಹ್ಯಾಡನ್ ಧಣಿಗೆ ಹೋಗುತ್ತಿತ್ತು. ಕಲ್ಲಿನಲ್ಲಿ ಮಾತ್ರ ಧಣಿ ಯಾವತ್ತೂ ಪಾಲು ಕೇಳಿದವರಲ್ಲ.

ನಾನು ಬಾರ್ಬರಿ. ಗಂಡ ಸತ್ತವಳು. ಏಸಾನ ಮನೆಯ ಕೆಳಗಿನ ತಿರುವಿನಲ್ಲಿ ನನ್ನ ಮಗ್ಗ ಇದೆ. ಗುಡ್ಡದ ಮೇಲಿನ ಹನ್ನೊಂದು ಒಕ್ಕಲು ಮನೆಗಳಿಗೂ ನಾರುಬಟ್ಟೆ ನೇಯ್ದು ಕೊಡುವವಳು ನಾನೇ. ಬಟ್ಟೆ ಅಳತೆ ಕೊಡಲು ಬಂದವರು ಮನೆಯ ಕಥೆಯನ್ನೂ ಬಿಚ್ಚಿಟ್ಟು ಹೋಗುತ್ತಾರೆ. ಹಾಗಾಗಿ ನಾನು ಹೇಳುವುದರಲ್ಲಿ ಊಹೆ ಕಡಿಮೆ.

ಆ ವರ್ಷ ಎಲೆ ಉದುರುವ ಕಾಲಕ್ಕೆ ಕರ್ನಲ್ ಧಣಿ ಸ್ವತಃ ಗುಡ್ಡ ಹತ್ತಿ ಬಂದರು. ಕುದುರೆಯ ಲಗಾಮು ಹಿಡಿದು ಐಸಮ್ ಮುಂದೆ ನಡೆಯುತ್ತಿದ್ದ. ಐಸಮ್ ಧಣಿಯ ಗುಲಾಮ. ಧಣಿಯ ಅಪ್ಪ ಸಾಯುವಾಗ ಬಿಟ್ಟುಹೋದ ಆಸ್ತಿಯಲ್ಲಿ ಹಾಸಿಗೆ, ಗಡಿಯಾರಗಳ ಜೊತೆ ಅವನೂ ಬಂದಿದ್ದ. ಧಣಿ ಏಸಾನ ಅಂಗಳದಲ್ಲಿ ಇಳಿದರು. ಮುರುಕು ಮಣೆಯ ಮೇಲೆ ಕೂತರು. ಏಸಾನ ಹೆಂಡತಿ ಟ್ಯಾಮ್ಸಿ ಕೊಟ್ಟ ಒಣಸೇಬಿನ ಕಡುಬು ತಿಂದರು. ನಾವು ಬಾಯಿ ಬಿಟ್ಟುಕೊಂಡು ನೋಡಿದೆವು.

"ಏಸಾ, ನಮ್ಮದು ಗಣರಾಜ್ಯ," ಅಂದರು ಧಣಿ. "ರಾಜನನ್ನ ಓಡಿಸಿ ಮೂವತ್ತು ವರ್ಷದ ಮೇಲಾಯ್ತು. ನಿನ್ನಂಥ ಶ್ರಮಜೀವಿಗೆ ಇನ್ನೂ ವೋಟಿಲ್ಲ ಅಂದ್ರೆ ನನ್ನ ಕರುಳು ಕಿತ್ತು ಬರತ್ತೆ."

ಧಣಿಯ ಕರುಳು ಅಲ್ಲಿಯವರೆಗೆ ಕಿತ್ತು ಬಂದಿರಲಿಲ್ಲ. ಆ ವರ್ಷ ರಿಚ್ಮಂಡಿನ ಶಾಸನಸಭೆಗೆ ಪೇಟೆಯ ಉಪ್ಪಿನ ವ್ಯಾಪಾರಿಯೊಬ್ಬ ಅವರ ಎದುರು ನಿಂತಿದ್ದ, ಅದಕ್ಕೇ ಬಂತು.

ವರ್ಜೀನಿಯಾದಲ್ಲಿ ವೋಟು ಮನುಷ್ಯನಿಗಲ್ಲ, ಭೂಮಿಗೆ. ಇಪ್ಪತ್ತೈದು ಎಕರೆ ಸ್ವಂತ ಜಮೀನು, ಅದರ ಮೇಲೆ ಹನ್ನೆರಡಡಿಗೆ ಹನ್ನೆರಡಡಿ ಮನೆ ಇರಬೇಕು. ಅದೂ ಚುನಾವಣೆಗೆ ಆರು ತಿಂಗಳು ಮುಂಚೆಯೇ ಕೈಯಲ್ಲಿರಬೇಕು. ಮನುಷ್ಯ ಎಷ್ಟಡಿ ಇರಬೇಕು ಅಂತ ಕಾನೂನು ಹೇಳಿಲ್ಲ.

"ನೀನಿರೋ ಈ ಜಾಗಾನೇ ನಿನ್ನ ಹೆಸರಿಗೆ ಬರೆದುಕೊಡ್ತೀನಿ," ಅಂದರು ಧಣಿ. "ಏಪ್ರಿಲ್‌ನಲ್ಲಿ ವೋಟು ಹಾಕು. ಆಮೇಲೆ ವಾಪಸ್ ಬರೆದುಕೊಡು. ನೀನು ಎಂದಿನ ಹಾಗೆ ಇಲ್ಲೇ ಇರು. ಗಂಡಸಿನ ಮಾತು. ಕೈ ಕೊಡು."

ಏಸಾ ಕೈ ಪ್ಯಾಂಟಿಗೆ ಒರೆಸಿಕೊಂಡು ಕೊಟ್ಟ. ಆದರೆ ಅವನ ಮುಖದಲ್ಲಿ ಅಂಥ ಉತ್ಸಾಹ ಇರಲಿಲ್ಲ. ಚುನಾವಣೆ ದಿನ ಪೇಟೆಗೆ ಹೋದರೆ ಬಿತ್ತನೆಯ ಎರಡು ದಿನ ಹಾಳು ಅಂತ ಅವನ ಲೆಕ್ಕ. ಧಣಿ ಅದನ್ನು ಗಮನಿಸಿದರು. ಟ್ಯಾಮ್ಸಿಯ ಕಡೆ ತಿರುಗಿ ನಕ್ಕರು.

"ಏನಮ್ಮಾ, ಇಷ್ಟು ಒಳ್ಳೆ ಕಡುಬು ಮಾಡೋ ಕೈ ನಿಂದು. ನಿನ್ನ ಹೆಸರೂ ಸೇರಿಸಿಬಿಡ್ತೀನಿ. ಪತ್ರದಲ್ಲಿ ಗಂಡ ಹೆಂಡತಿ ಇಬ್ಬರೂ. ಇವನನ್ನ ಏಪ್ರಿಲ್‌ನಲ್ಲಿ ಎಬ್ಬಿಸಿ ಕಳಿಸೋ ಭಾರ ನಿಂದು."

"ನನ್ನ ಹೆಸರು ಯಾವ ಕಾಗದದಲ್ಲೂ ಇಲ್ಲ ಧಣೇರ," ಅಂದಳು ಟ್ಯಾಮ್ಸಿ.

"ಈಗ ಇರತ್ತೆ. ನಮ್ಮದು ಗಣರಾಜ್ಯ."

ಕಡುಬಿನ ರುಚಿಗೋ ಏನೋ, ಧಣಿಗೆ ಆ ಉಪಾಯ ಬಹಳ ಹಿಡಿಸಿತು. ಉಳಿದ ಹತ್ತು ಮನೆಯಲ್ಲೂ ಹಾಗೇ ಹೆಂಡತಿಯರನ್ನು ಸೇರಿಸಿ ಬರೆಸಿದರು. ನನಗೆ ಮಾತ್ರ ಏನೂ ಬರೆಯಲಿಲ್ಲ. ವೋಟು ಹಾಕುವ ಗಂಡ ಇಲ್ಲದವಳಿಗೆ ಜಮೀನು ಯಾಕೆ?

ಏಪ್ರಿಲ್ ಬಂತು. ಟ್ಯಾಮ್ಸಿ ಮಾತಿಗೆ ತಪ್ಪದೆ ಗಂಡನನ್ನು ಎಬ್ಬಿಸಿ ಕಳಿಸಿದಳು. ನಾನೂ ಬಟ್ಟೆ ಮಾರಲು ಹೋಗಿದ್ದೆ. ನ್ಯಾಯಾಲಯದ ಮುಂದೆ ಪೀಪಾಯಿಗಟ್ಟಲೆ ವಿಸ್ಕಿ ಇಟ್ಟಿದ್ದರು. ವೋಟು ಹಾಕುವುದೆಂದರೆ ನಮ್ಮಲ್ಲಿ ಎಲ್ಲರ ಮುಂದೆ ಬಾಯಿ ಬಿಟ್ಟು ಹೆಸರು ಹೇಳುವುದು. ಅಭ್ಯರ್ಥಿ ಎದುರಿಗೇ ಕುರ್ಚಿಯಲ್ಲಿ ಕೂತಿರುತ್ತಾನೆ. ವ್ಯಾಪಾರಿಯ ಕಡೆಯವರು ಏಸಾನನ್ನು ತಡೆದರು.

"ಇವನು ಒಕ್ಕಲು. ಇವನಿಗೆಲ್ಲಿಯ ಜಮೀನು? ಪ್ರಮಾಣ ಮಾಡಲಿ."

ಏಸಾ ತಡವರಿಸಿದ. ಧಣಿ ತಾವೇ ಎದ್ದು ಬೈಬಲ್ ತಂದು ಅವನ ಕೈ ಕೆಳಗಿಟ್ಟರು. "ಹೇಳು ಏಸಾ. ಭೂಮಿ ನಿಂದೇ ಅಂತ ಗಟ್ಟಿಯಾಗಿ ಹೇಳು."

"ಭೂಮಿ ನಂದೇ. ನಿಜವಾಗಿ ನಂದೇ. ದೇವರಾಣೆ," ಅಂದ ಏಸಾ. ಆಮೇಲೆ ಕರ್ನಲ್ ಹೆಸರು ಹೇಳಿದ. ಧಣಿ ಎದ್ದು ತಲೆ ಬಾಗಿಸಿ, "ಬಹಳ ಉಪಕಾರವಾಯ್ತು, ಪ್ರೂಯಿಟ್ ಅವರೇ," ಅಂದರು. ಪ್ರೂಯಿಟ್ ಅವರು ಹಿಂದೆ ಯಾರೋ ನಿಂತಿದ್ದಾರೆ ಅಂತ ತಿರುಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

ಧಣಿ ಗೆದ್ದರು. ಹನ್ನೊಂದು ಮನೆಯ ಬಲ ಇಲ್ಲದಿದ್ದರೆ ಉಪ್ಪಿನವನೇ ಗೆಲ್ಲುತ್ತಿದ್ದ.

ಮೇ ತಿಂಗಳಲ್ಲಿ ಸರಪಳಿ ಹಿಡಿದ ಮೋಜಣಿಯವರು ಗುಡ್ಡಕ್ಕೆ ಬಂದರು. ಟ್ಯಾಮ್ಸಿ ನೆಟ್ಟಿದ್ದ ಸೇಬಿನ ಗಿಡಗಳ ನಡುವೆ ಗೂಟ ಹೊಡೆದರು. ಒಂದು ಗೂಟ ಅವಳ ಸತ್ತ ಮಗುವಿನ ಗುಂಡಿಯಿಂದ ಮಾರು ದೂರದಲ್ಲಿ ಬಿತ್ತು.

"ಇದೇನಣ್ಣಾ?" ಅಂತ ಕೇಳಿದಳು.

"ಓಹಿಯೋಗೆ ಹೆದ್ದಾರಿ," ಅಂದ ಸರಪಳಿಯವನು. "ನಿಮ್ಮ ಒರತೆ ಹತ್ತಿರ ಛತ್ರ ಬರತ್ತೆ. ಕರ್ನಲ್ ಇಡೀ ಗುಡ್ಡಾನೇ ಫಿಲಡೆಲ್ಫಿಯಾದ ಸಾಹುಕಾರರಿಗೆ ಮಾರ್ತಿದಾರೆ. ನಿಮಗೆ ಗೊತ್ತಿಲ್ವಾ?"

"ಮತ್ತೆ ನಾವು?"

"ಓಹಿಯೋ ಇದೆಯಲ್ಲಮ್ಮ. ದೇಶ ದೊಡ್ಡದು."

ದೇಶ ದೊಡ್ಡದು ಅನ್ನುವ ಮಾತನ್ನು ನಮ್ಮನ್ನು ಓಡಿಸುವಾಗಲೇ ಹೇಳುತ್ತಾರೆ. ಈ ಗುಡ್ಡದಲ್ಲಿ ನಮಗಿಂತ ಮೊದಲು ಬೇಟೆಯಾಡುತ್ತಿದ್ದ ಶಾನಿ ಬುಡಕಟ್ಟಿನ ಜನರಿಗೂ ಹಾಗೇ ಹೇಳಿದ್ದರು. ಅವರೂ ಯಾವುದೋ ಕಾಗದಕ್ಕೆ ಗುರುತು ಹಾಕಿಯೇ ಓಹಿಯೋ ನದಿ ದಾಟಿದ್ದು. ಈಗ ನಮ್ಮನ್ನು ಅಲ್ಲಿಗೆ ತಳ್ಳಿದರೆ ನಾವು ಅವರನ್ನು ಇನ್ನೂ ಆಚೆ ತಳ್ಳಬೇಕು. ತಳ್ಳುವವನ ಕೈ ಮಾತ್ರ ಯಾವತ್ತೂ ನೋಯುವುದಿಲ್ಲ.

ಆ ಸಂಜೆ ಟ್ಯಾಮ್ಸಿ, ಏಸಾ ನನ್ನ ಮಗ್ಗದ ಹತ್ತಿರ ಕೂತರು. ಏಸಾ ನೆಲ ನೋಡುತ್ತಿದ್ದ.

"ಕೈ ಕೊಟ್ಟಿದ್ದೀನಿ ಟ್ಯಾಮ್ಸಿ. ವಾಪಸ್ ಬರೆದುಕೊಡ್ತೀನಿ ಅಂತ. ಮಾತು ತಪ್ಪಿದವನು ಅನ್ನಿಸ್ಕೊಳ್ಳೋದು ಬೇಡ."

"ಇಲ್ಲೇ ಇರು ಅಂತ ಅವ್ರೂ ಮಾತು ಕೊಟ್ಟಿದ್ರು."

"ಅವ್ರು ದೊಡ್ಡವ್ರು. ನನ್ನ ಹತ್ರ ಇರೋದು ಮಾತೊಂದೇ."

"ಧಣಿಗೆ ಕೈ ಕೊಟ್ಟೆ. ದೇವರಿಗೆ ಆಣೆ ಇಟ್ಟೆ, ಭೂಮಿ ನಿಜವಾಗಿ ನಂದೇ ಅಂತ. ಅದರಲ್ಲಿ ಯಾವ್ದನ್ನ ಸುಳ್ಳು ಮಾಡ್ತೀಯಾ, ನೀನೇ ಹೇಳು."

ಏಸಾ ಬಹಳ ಹೊತ್ತು ಯೋಚಿಸಿದ. ಅವನು ಯೋಚಿಸುವುದು ಕಲ್ಲು ಎತ್ತುವ ಹಾಗೆ, ಮುಖ ಕೆಂಪಾಗುತ್ತದೆ. ಕೊನೆಗೆ, "ನಾನು ಸಹಿ ಹಾಕಲೇಬೇಕು. ನೀನು ಏನಾದ್ರೂ ಮಾಡ್ಕೋ," ಅಂದ. ಅದು ಹೇಡಿತನವೋ ಜಾಣತನವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಮುಂದಿನ ವಾರ ಇಬ್ಬರು ಮ್ಯಾಜಿಸ್ಟ್ರೇಟರು ಬಂದರು. ಒಬ್ಬರು ಟರ್ಲಿ ಸಾಹೇಬರು. ಅವರು ಧಣಿಯ ಭಾವಮೈದುನ, ಮನುಷ್ಯ ಬಲು ಸಡಿಲ. ಇನ್ನೊಬ್ಬರು ಪೆಕ್ ಸಾಹೇಬರು. ಅವರು ಊಟವನ್ನೂ ಕಾನೂನು ಪ್ರಕಾರವೇ ಮಾಡುವವರು. ಹಿಂದೆ ಧಣಿ, ಧಣಿಯ ಕುದುರೆ ಹಿಡಿದ ಐಸಮ್. ಏಸಾ ಅಂಗಳದಲ್ಲೇ ಭೂಮಿ ವಾಪಸ್ ಬರೆದುಕೊಡುವ ಪತ್ರಕ್ಕೆ ಗುರುತು ಹಾಕಿದ.

ಇನ್ನು ಹೆಂಡತಿಯ ಸರದಿ. ಹೆಂಡತಿಗೆ ಹಕ್ಕಿರುವ ಭೂಮಿ ಕೈ ಬದಲಾಗಬೇಕಾದರೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಗಂಡನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಅವಳೊಬ್ಬಳನ್ನೇ ಕೇಳಬೇಕು: ಮನಸ್ಸಿದೆಯೋ, ಗಂಡನ ಹೆದರಿಕೆಗೋ? ವರ್ಷಗಟ್ಟಲೆಯಿಂದ ಕೇಳುತ್ತ ಬಂದಿದ್ದಾರೆ. ಯಾವ ಹೆಂಗಸೂ ಹೂಂ ಅನ್ನುವುದು ಬಿಟ್ಟು ಬೇರೇನೂ ಅಂದವಳಲ್ಲ.

ಪೆಕ್ ಸಾಹೇಬರು ನನ್ನನ್ನೂ ಹೊರಗೆ ಹೋಗು ಅಂದರು.

"ನಿಮ್ಮ ಕಾನೂನಲ್ಲಿ ಗಂಡ ಹೊರಗೆ ಹೋಗ್ಬೇಕು ಅಂತ ತಾನೇ ಇರೋದು?" ಅಂದಳು ಟ್ಯಾಮ್ಸಿ. "ಬಾರ್ಬರಿ ಅಕ್ಕನಿಗೆ ಮೀಸೆ ಇದೆಯಾ?"

ಸ್ವಲ್ಪ ಇದೆ. ಆದರೆ ಕಾನೂನಿನ ಕಣ್ಣಿಗೆ ಬೀಳುವಷ್ಟಿಲ್ಲ. ನಾನು ಒಲೆಯ ಪಕ್ಕ ಕೂತೆ.

ಪೆಕ್ ಸಾಹೇಬರು ಪತ್ರ ಓದಿ ಹೇಳಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಗಂಡನ ಬಲವಂತ, ಬೆದರಿಕೆ ಇಲ್ಲದೆ ನಿನ್ನ ಸ್ವಂತ ಇಚ್ಛೆಯಿಂದ ಇದಕ್ಕೆ ಒಪ್ತೀಯೇನಮ್ಮ?"

ಟರ್ಲಿ ಸಾಹೇಬರು ಆಗಲೇ 'ಒಪ್ಪಿದ್ದಾಳೆ' ಅಂತ ಬರೆದು ಶಾಯಿ ಆರಲೆಂದು ಅದರ ಮೇಲೆ ಮರಳು ಉದುರಿಸುತ್ತಿದ್ದರು.

"ಒಪ್ಪಲ್ಲ," ಅಂದಳು ಟ್ಯಾಮ್ಸಿ.

"ಸರಿ. ಹಾಗಾದ್ರೆ ಇಲ್ಲಿ ಗುರುತು ಹಾಕು."

"ಒಪ್ಪಲ್ಲ ಅಂದೆ ಸಾಹೇಬ್ರೇ."

ಟರ್ಲಿ ಸಾಹೇಬರ ಕೈಯಲ್ಲಿ ಮರಳಿನ ಡಬ್ಬಿ ಹಾಗೇ ನಿಂತಿತು. "ಇದಕ್ಕೆ ಏನು ಮಾಡ್ಬೇಕು ಪೆಕ್?"

"ಗೊತ್ತಿಲ್ಲ. ಇಲ್ಲೀವರೆಗೆ ಆಗಿಲ್ಲ."

"ಗಂಡನನ್ನ ಕರಿ. ಅವನು ಹೇಳ್ಲಿ."

"ಗಂಡನ ಬಲವಂತ ಇರಬಾರದು ಅಂತ ಇವ್ರು ಈಗ ತಾನೇ ಓದಿದ್ರಲ್ಲ," ಅಂದಳು ಟ್ಯಾಮ್ಸಿ.

"ಹೇಗೂ ಬರೆದಾಗಿದೆ ಪೆಕ್. ಇರಲಿ ಬಿಡು."

ಪೆಕ್ ಸಾಹೇಬರು ನನ್ನ ಕಡೆ ನೋಡಿದರು. ನಾನು ನನ್ನ ಕಿವಿ ಎಷ್ಟು ಚುರುಕು ಅಂತ ಗೊತ್ತಾಗುವ ಹಾಗೆ ನಕ್ಕೆ. ಅವರು ಲೇಖನಿ ತೆಗೆದು ಆ ಸಾಲನ್ನು ಹೊಡೆದುಹಾಕಿದರು. ಅವರ ಮೇಲೆ ನನಗೆ ಆ ಹೊತ್ತು ನಿಜಕ್ಕೂ ಅಕ್ಕರೆ ಬಂತು.

ಬಾಗಿಲು ತೆರೆದಾಗ ಧಣಿಗೆ ವಿಷಯ ತಿಳಿಯಿತು. ಕುತ್ತಿಗೆಯಿಂದ ಮೇಲೆ ಕೆಂಪಾದರು.

"ಏಸಾ, ನಿನ್ನ ಹೆಂಡತಿಗೆ ಬುದ್ಧಿ ಹೇಳು."

"ಹೇಳಬಾರದಂತೆ ಧಣೇರ. ಅದು ಬಲವಂತ ಆಗತ್ತಂತೆ," ಅಂದ ಏಸಾ. ಹಾಗಾದರೆ ಅದು ಜಾಣತನವೇ ಇರಬೇಕು ಅಂತ ನನಗೆ ಅನ್ನಿಸಿತು.

"ಕೋರ್ಟಿಗೆ ಎಳೀತೀನಿ. ಆ ಪತ್ರ ಬರೀ ತೋರಿಕೆಗೆ ಬರೆದದ್ದು ಅಂತ ಸಾಬೀತು ಮಾಡ್ತೀನಿ."

ಟ್ಯಾಮ್ಸಿ ಹೊಸ್ತಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು: "ಮಾಡಿ ಧಣೇರ. ಪತ್ರ ತೋರಿಕೆದು ಅಂದ್ರೆ ವೋಟೂ ತೋರಿಕೆದು. ವೋಟು ತೋರಿಕೆದಾದ್ರೆ ನಿಮ್ಮ ಕುರ್ಚಿ? ಉಪ್ಪಿನ ಅಂಗಡಿಯವ್ರು ಇದೇ ಮಾತಿಗೆ ಕಾಯ್ತಾ ಕೂತಿದಾರೆ. ಬೈಬಲ್ ಹಿಡಿದವ್ರು ನೀವೇ ಅಂತ ಊರೆಲ್ಲ ನೋಡಿದೆ."

ಐಸಮ್ ಕುದುರೆಯ ಕಿವಿಯ ಹಿಂದೆ ಮುಖ ಮರೆಮಾಡಿಕೊಂಡ.

"ಉಳಿದವರು ಹೀಗಿಲ್ಲ," ಅಂದರು ಧಣಿ. "ನಡೀರಿ ಮುಂದಿನ ಮನೆಗೆ."

ಮುಂದಿನ ಮನೆಯಲ್ಲಿ ನೆಲ್ ಆಗಲೇ ಗಂಡನನ್ನು ಹೊರಗೆ ತಳ್ಳಿ, ಬಾಗಿಲು ತೆರೆದು ಕಾಯುತ್ತಿದ್ದಳು. "ಬನ್ನಿ ಸಾಹೇಬ್ರೇ, ಕೇಳಿ," ಅಂದಳು. ಅದರ ಮುಂದಿನ ಮನೆಯ ಹೆಂಗಸು ಬಟ್ಟೆ ಒಗೆಯುತ್ತಿದ್ದವಳು ಎದ್ದೂ ನಿಲ್ಲದೆ ಉತ್ತರ ಕೊಟ್ಟಳು. ಯಾವ ಮನೆಯಲ್ಲೂ ಹೂಂ ಸಿಗಲಿಲ್ಲ. ಹಿಂದಿನ ವಾರ ಗುಡ್ಡದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ನನ್ನ ಹತ್ತಿರ ಅಳತೆ ಕೊಡಲು ಬಂದಿದ್ದರು. ಆ ವಾರ ನಾನು ಬಟ್ಟೆ ನೇಯ್ದದ್ದು ಕಡಿಮೆ.

ಕೊನೆಯ ಮನೆಯಿಂದ ಇಳಿದು ಬರುವಾಗ ಧಣಿ ನನ್ನ ಅಂಗಳದಲ್ಲಿ ನೀರು ಕೇಳಿದರು. ಕೊಟ್ಟೆ.

"ಇವರಿಗೆಲ್ಲ ಯಾರು ಹೇಳಿಕೊಟ್ಟದ್ದು?" ಅಂದರು.

"ಹೇಳಿಕೊಟ್ಟವರು ಯಾರೂ ಇಲ್ಲ ಧಣೇರ. ನೀವು ಕೇಳಿದ್ರಿ, ಅವ್ರು ಹೇಳಿದ್ರು."

"ಅದು ಪದ್ಧತಿಗೆ ಕೇಳೋ ಪ್ರಶ್ನೆ ಕಣೇ. ಉತ್ತರಕ್ಕಲ್ಲ."

"ರಿಚ್ಮಂಡಿಗೆ ಹೋಗಿ ಹಾಗಂತ ಕಾನೂನು ಮಾಡಿ," ಅಂದೆ. ಮಾಡಿದರೂ ಮಾಡಬಹುದು. ಅಲ್ಲಿ ಕೂತವರೆಲ್ಲ ಗುಡ್ಡ ಇರುವ ಧಣಿಗಳೇ. ನಮಗೆ ಆ ಹೆದರಿಕೆ ಇನ್ನೂ ಹೋಗಿಲ್ಲ.

ಧಣಿ, ಸಾಹೇಬರು ಮುಂದೆ ನಡೆದರು. ಐಸಮ್ ಕುದುರೆಯ ಜೀನು ಬಿಗಿಯಲು ಹಿಂದೆ ಉಳಿದ. ನಾನು ಅವನಿಗೂ ನೀರು ಕೊಟ್ಟೆ. ಗೆದ್ದ ಹುರುಪಿನಲ್ಲಿದ್ದೆ, ಅವನನ್ನೂ ರೇಗಿಸಿದೆ.

"ಏನೋ ಐಸಮ್, ಕುದುರೆ ಹಿಂದೆ ನಗ್ತಾ ಇದ್ದೆಯಲ್ಲ. ಹನ್ನೊಂದು ಬಾಗಿಲ ಮುಂದೆ ನಿಂತು ಕೇಳಿಸ್ಕೊಂಡೆ. ಏನು ಕಲಿತೆ?"

ಅವನು ನೀರು ಪೂರ್ತಿ ಕುಡಿದು ಬೋಗುಣಿ ಮರಳಿಸಿದ.

"ನನ್ನ ಹೆಂಡ್ತಿನ ಜಾರ್ಜಿಯಾಕ್ಕೆ ಮಾರಿದಾಗ ಬಾಗಿಲು ಹಾಕಿ ಅವಳನ್ನ ಯಾರೂ ಕೇಳಲಿಲ್ಲ, ಅಮ್ಮಾ," ಅಂದ. "ಅವಳ ಹತ್ರಾನೂ ಇದೇ ಉತ್ತರ ಇತ್ತು."

ಲಗಾಮು ಹಿಡಿದು ಧಣಿಯ ಹಿಂದೆ ಇಳಿದು ಹೋದ. ನಾನು ಬೋಗುಣಿ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.