ಹನ್ನೊಂದು ಗಡಿಯಾರದ ಧಣಿ

ಕೊಣ್ಣೂರಿನ ಮುರಿಗೆಪ್ಪನ ಹತ್ತಿರ ಮುಚ್ಚಳದ ಕಿಸೆ ಗಡಿಯಾರಗಳು ಹನ್ನೊಂದಿದ್ದವು. ಬೆಳಗಾವಿಯಲ್ಲಿ ಯಾವ ಸಾಹೇಬ ಊರು ಬಿಟ್ಟು ಹೊರಟರೂ ಅವನ ಸಾಮಾನು ಹರಾಜಾಗುವಲ್ಲಿ ಈತ ಹಾಜರು. ಗುಂಡಿ ಒತ್ತಿದರೆ ಬೆಳ್ಳಿ ಮುಚ್ಚಳ ಟಕ್ಕೆಂದು ತೆರೆಯಬೇಕು, ಟಪ್ಪೆಂದು ಮುಚ್ಚಬೇಕು. ಅಂಥ ಗಡಿಯಾರವನ್ನು ಮುರಿಗೆಪ್ಪ ಬಿಟ್ಟು ಬಂದವನಲ್ಲ. ಊನವೆಂದರೆ ಒಂದೇ. ಅವನಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ.

ಮೊದಲನೆಯದನ್ನು ಕೊಂಡಾಗಲೇ ಯಾರನ್ನಾದರೂ ಕೇಳಿದ್ದರೆ ಮುಗಿಯುತ್ತಿತ್ತು. ನಾಲ್ಕನೆಯದು ಬರುವ ಹೊತ್ತಿಗೆ ಊರೆಲ್ಲ ಇವನನ್ನೇ ಟೈಮು ಕೇಳತೊಡಗಿತ್ತು. ಇನ್ನು ಯಾವ ಮುಖ ಇಟ್ಟುಕೊಂಡು ಕಲಿಯುವುದು? ಯಾರಾದರೂ "ಎಷ್ಟು ಗಂಟಿ ಆತ್ರಿ?" ಎಂದರೆ ಮೊದಲು ಓರೆಗಣ್ಣಿನಿಂದ ಕಂಬದ ನೆರಳು ನೋಡುವನು. ಆಮೇಲೆ ಮುಚ್ಚಳವನ್ನು ಅರ್ಧವೇ ತೆರೆದು, ಹುಬ್ಬು ಗಂಟಿಕ್ಕಿ ಹೇಳುವನು. ಮೋಡವಿದ್ದ ದಿನ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಪಾಳಿಗೊಮ್ಮೆ ಕೂಗುವ ಭೋಂಗಾ ಕೈ ಹಿಡಿಯುತ್ತಿತ್ತು. ಹೆಂಡತಿ ಚನ್ನವ್ವನಿಗೂ ಈ ಗುಟ್ಟು ಗೊತ್ತಿರಲಿಲ್ಲ.

ಮೂವತ್ತಾರನೇ ಇಸವಿಯ ಜ್ಯೇಷ್ಠದಲ್ಲಿ ಹುಕ್ಕೇರಿಯ ಮಾಲಿಂಗಪ್ಪನ ಅಣ್ಣನ ಮಗಳ ಮದುವೆ ಬಂತು. ಮಾಲಿಂಗಪ್ಪನೂ ಇಂಥವೇ ಒಂಬತ್ತು ಗಡಿಯಾರ ಕೂಡಿಸಿದವನು. ಹರಾಜಿನಲ್ಲಿ ಇಬ್ಬರೂ ಹಾವು ಮುಂಗುಸಿ. ಮಾಲಿಂಗಪ್ಪನ ಬಾಯಿಗೆ ಸಿಕ್ಕವರ ಮಾನ ಗೋಕಾಕ, ಹುಕ್ಕೇರಿ ಎರಡನ್ನೂ ಸುತ್ತಿ ಬರುತ್ತಿತ್ತು.

ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕುವ ಮುಹೂರ್ತ ಹನ್ನೊಂದೂ ಇಪ್ಪತ್ತಕ್ಕೆ. ಹಂದರ ತುಂಬಿತ್ತು.

"ಮಾಲಿಂಗಪ್ಪಾರ, ಟೈಮ್ ನೋಡ್ರಿ," ಎಂದರು ಮದುವೆ ಮಾಡಿಸಲು ಮೂಡಲಗಿಯಿಂದ ಬಂದಿದ್ದ ಅಯ್ಯನವರು.

"ಹನ್ನೊಂದು ಗಡಿಯಾರದ ಧಣಿ ಕುಂತಾರ, ನಂದೇನೈತ್ರಿ? ಮುರಿಗೆಪ್ಪಾರ, ನೀವ ಹೇಳ್ರಿ!"

ಮುರಿಗೆಪ್ಪ ಓರೆಗಣ್ಣಿನಿಂದ ಕಂಬದತ್ತ ನೋಡಿದ. ಮೋಡ ಕವಿದು ನೆರಳಿಲ್ಲ. ಹುಕ್ಕೇರಿಗೆ ಭೋಂಗಾ ಕೇಳುವುದಿಲ್ಲ. ಗುಂಡಿ ಒತ್ತಿದ. ಒಳಗೆ ಬರೀ ಬಿಳಿ ತಟ್ಟೆ. ಗಾಜಿಲ್ಲ, ಎರಡು ಮುಳ್ಳುಗಳೂ ಇಲ್ಲ! "ಹುಣಸಿಹಣ್ಣು ಹಚ್ಚಿ ಒಳಗ ಹೊರಗ ತಿಕ್ಕೇನ್ರಿ, ಹೆಂಗ ಹೊಳಿತೈತಿ ನೋಡ್ರಿ," ಎಂದು ಚನ್ನವ್ವ ಬೆಳಿಗ್ಗೆ ಗಡಿಯಾರ ಕೈಗಿಡುತ್ತ ಹೇಳಿದ್ದು ಈಗ ನೆನಪಾಯಿತು.

ಮುಳ್ಳಿದ್ದರೆ ತಾನೇನು ಕಡಿದು ಗುಡ್ಡೆ ಹಾಕುತ್ತಿದ್ದೆ ಎಂದುಕೊಂಡು ಗಂಟಲು ಸರಿಮಾಡಿಕೊಂಡ. "ಹನ್ನೊಂದೂ ಇಪ್ಪತ್ತ ಆತ್ರಿ!"

ಅಯ್ಯನವರು ಮುಹೂರ್ತದ ವಿಷಯದಲ್ಲಿ ಮಹಾ ಚೊಕ್ಕ ಮನುಷ್ಯ. "ಮಾಲಿಂಗಪ್ಪಾರ, ನೀವೂ ಒಮ್ಮೆ ತಾಳೆ ನೋಡ್ರಿ," ಎಂದರು.

ಮಾಲಿಂಗಪ್ಪ ಕೈಚಾಚಿ ಗಡಿಯಾರ ಇಸಿದುಕೊಂಡ. ಮುರಿಗೆಪ್ಪ ಕಣ್ಣು ಮುಚ್ಚಿ ಬಸವಣ್ಣನನ್ನು ನೆನೆದ. ಮಾಲಿಂಗಪ್ಪ ತನ್ನದನ್ನೂ ತೆರೆದು, ಅದನ್ನೊಮ್ಮೆ ಇದನ್ನೊಮ್ಮೆ ಬಹಳ ಹೊತ್ತು ನೋಡಿದ.

"ಬರೋಬ್ಬರಿ ಐತ್ರಿ. ಒಂದ ಮಿನೀಟನೂ ಫರಕ ಇಲ್ಲ," ಎಂದು ಗಡಿಯಾರ ಮರಳಿಸಿದ.

ವಾದ್ಯ ಮೊಳಗಿತು, ಅಕ್ಕಿಕಾಳು ಬಿದ್ದವು. ಮುರಿಗೆಪ್ಪನಿಗೆ ಮಾತ್ರ ಸಮಾಧಾನವಿಲ್ಲ. ಮುಳ್ಳಿಲ್ಲದ್ದು ಇವನಿಗೆ ಕಾಣಲಿಲ್ಲವೇ? ಅಥವಾ ಪಂಕ್ತಿಯಲ್ಲಿ ಎಲ್ಲರೆದುರು ಹೇಳಿ ನಗಿಸಲು ಇಟ್ಟುಕೊಂಡನೇ? ಊಟಕ್ಕೆ ಅವನ ಬಾಜೂಕ್ಕೇ ಕೂತ. ಹೋಳಿಗೆಯನ್ನು ಮುರಿದು ಮುರಿದು ಎಲೆಯಲ್ಲೇ ಇಟ್ಟ. ಹೊರಗೆ ಮೋಡ ಸರಿದು ಬಿಸಿಲು ಬಿತ್ತು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ.

"ಮಾಲಿಂಗಪ್ಪಾರ, ಈಗ ಎಷ್ಟು ಗಂಟಿ ಆತ್ರಿ?"

ಮಾಲಿಂಗಪ್ಪ ಓರೆಗಣ್ಣಿನಿಂದ ಹಂದರದ ಕಂಬದ ನೆರಳು ನೋಡಿದ. ಆಮೇಲೆ ಮುಚ್ಚಳವನ್ನು ಅರ್ಧವೇ ತೆರೆದು, ಹುಬ್ಬು ಗಂಟಿಕ್ಕಿ, "ಒಂದಾತ್ರಿ," ಎಂದ.

ಮುರಿಗೆಪ್ಪನಿಗೆ ಅವನ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ತನ್ನ ಬೋಳು ಗಡಿಯಾರವನ್ನೂ ತೆರೆದು ಸಾವಕಾಶ ನೋಡಿದ.

"ಬರೋಬ್ಬರಿ ಐತ್ರಿ," ಎಂದ. "ಏ, ಇವರಿಗೆ ಇನ್ನೊಂದು ಹೋಳಿಗಿ ಹಾಕ್ರಿ, ತುಪ್ಪಾನೂ ತರ್ರಿ!"