ಅತ್ತರು ಬಳಿದುಕೊಂಡ ದಿನ

ಮಧುಗಿರಿ ಬೆಟ್ಟದ ಅರ್ಧದಾರಿಯಲ್ಲಿ ನೆರಳಿನ ಮಂಟಪ ಕಟ್ಟಿಸಲು ಚಪ್ಪಲಿ ಸವೆಯುವಷ್ಟು ಓಡಾಡಿದವನು ನಾನು, ತಿಮ್ಮರಾಜು. ಉದ್ಘಾಟನೆಯ ಆಹ್ವಾನಪತ್ರಿಕೆಯಲ್ಲಿ ನನ್ನ ಹೆಸರು ಎಲ್ಲಿತ್ತು ಗೊತ್ತೆ? ಕಟ್ಟಕಡೆಗೆ, ಶಾಮಿಯಾನದವನ ಹೆಸರಿನ ಕೆಳಗೆ, ಕನ್ನಡಕ ಹಾಕಿಕೊಂಡು ಹುಡುಕಬೇಕಾದಷ್ಟು ಸಣ್ಣ ಅಕ್ಷರದಲ್ಲಿ. ಮೈಯೆಲ್ಲ ಉರಿದುಹೋಯಿತು. ನಾನು ಯಾರೆಂದು ತೋರಿಸಲೇಬೇಕೆಂದು ರೇಷ್ಮೆ ಶಲ್ಯ ಹೊದ್ದು, ಸಿರಾದಿಂದ ತರಿಸಿದ್ದ ಅತ್ತರನ್ನು ಕತ್ತಿಗೆ, ಕಿವಿಸಂದಿಗೆಲ್ಲ ಬಳಿದುಕೊಂಡು ಎಲ್ಲರಿಗಿಂತ ಮೊದಲೇ ಹೊರಟೆ.

"ಬೆಟ್ಟದಾಗೆ ಹೆಜ್ಜೇನು ಐತೆ. ಮೊದ್ಲು ತೊಳ್ಕೊಂಡು ಬನ್ರೀ," ಎಂದಳು ಹೆಂಡತಿ ಆಶಾರಾಣಿ. ಹೋದ ವರ್ಷ ಒಂದೇ ಒಂದು ಜೇನು ಕಚ್ಚಿ ಅವಳ ಗಂಟಲು ಊದಿ ಉಸಿರು ಕಟ್ಟಿತ್ತು, ಆಸ್ಪತ್ರೆಯಲ್ಲಿ ಹೇಗೋ ಉಳಿದುಕೊಂಡಿದ್ದಳು. ನಾನು ಕೇಳಲಿಲ್ಲ. ಅಲ್ಲಿ ಯಾರ ಜೊತೆ ಜಗಳ ತೆಗೆಯುತ್ತೇನೋ ಎಂದು ಪಾಪ, ಹಿಂದೆಯೇ ಬಂದಳು.

ಮೆಟ್ಟಿಲು ಹತ್ತುವಾಗ ಒಂದು ಜೇನು ಕಿವಿಯ ಹತ್ತಿರ ಗುಂಯ್ ಎಂದಿತು. ಶಲ್ಯ ಬೀಸಿ ಹೊಡೆದೆ. ಬಂಡೆಯ ಕೆಳಗಿನಿಂದ ಇಡೀ ಹುಟ್ಟೇ ಎದ್ದು ಬಂತು.

"ಓಡಬ್ಯಾಡ್ರೀ, ಮಕಾಡೆ ಮಲ್ಕಳಿ!" ಎಂದು ಕೂಗಿದಳು ಆಶಾರಾಣಿ.

ಕೂರಲು ತಂದಿದ್ದ ಜಮಖಾನವನ್ನು ಅವಳ ತಲೆಯಿಂದ ಕಾಲಿನವರೆಗೂ ಹೊದಿಸಿದೆ. ಪಕ್ಕದಲ್ಲೇ ಮಲಗಲು ಹೋದವನಿಗೆ ಥಟ್ಟನೆ ಹೊಳೆಯಿತು: ಅವು ಬರುತ್ತಿರುವುದೇ ನನ್ನ ವಾಸನೆಗೆ. ತೆವಳಿಕೊಂಡು ದೂರ ಹೋಗಿ ಬಂಡೆಗೆ ಮುಖ ಒತ್ತಿ ಮಲಗಿದೆ. ಕೆನ್ನೆ, ಕತ್ತು, ಕಿವಿ, ಎಲ್ಲ ಕಡೆ ಚುಚ್ಚಿದವು. ಒಂದು ರೆಪ್ಪೆಯ ಮೇಲೇ ನಡೆದಾಡಿತು. ಅಲುಗಾಡುವ ಹಾಗಿಲ್ಲ, ಕಿರುಚುವ ಹಾಗಿಲ್ಲ.

ಮೂಗಿನ ಮುಂದೆ ಒಂದು ಇರುವೆ ತನ್ನ ಪಾಡಿಗೆ ಹೋಗುತ್ತಿತ್ತು. ಇಷ್ಟು ದೊಡ್ಡ ಬೆಟ್ಟ, ಅದರ ಮೇಲೆ ಅಷ್ಟು ದೊಡ್ಡ ಆಕಾಶ. ಇಲ್ಲಿ ನಾನೆಂದರೆ ಬರೀ ಒಂದು ವಾಸನೆ, ಅಷ್ಟೇ. ಹೇಳಿದರೆ ನಗುತ್ತೀರಿ, ಆ ಉರಿಯಲ್ಲೂ ನನಗೆ ನೆಮ್ಮದಿಯಾಯಿತು. ಯಾರಿಗೂ ಏನನ್ನೂ ತೋರಿಸಬೇಕಾಗಿರಲಿಲ್ಲ. ಅವಳು ಉಸಿರಾಡುತ್ತಿದ್ದರೆ ಸಾಕಿತ್ತು.

ಗುಂಯ್ ಸದ್ದು ನಿಧಾನಕ್ಕೆ ಕಡಿಮೆಯಾಗಿ ನಿಂತಿತು.

"ಆಶಾ."

ಜಮಖಾನ ಅಲುಗಲಿಲ್ಲ. ತೆವಳಿಕೊಂಡು ಹತ್ತಿರ ಹೋದೆ. ಮತ್ತೆ ಕೂಗಿದೆ. ಈ ಸಲ ಅಲುಗಿತು.

"ಒಂದೂ ಕಚ್ಚಿಲ್ಲ ಕಣ್ರೀ. ನೀವೆಂಗಿದ್ದೀರಿ?"

ನಾನು ಮಗುವಿನ ಹಾಗೆ ಅತ್ತುಬಿಟ್ಟೆ.

ಇಳಿಯುವಾಗ ಹಾರದ ಬುಟ್ಟಿ ಹಿಡಿದ ಹುಡುಗಿಯೊಬ್ಬಳು ಎದುರಾದಳು. ಊದಿಹೋದ ನನ್ನ ಮುಖ ನೋಡಿ ಬೆಚ್ಚಿದಳು. "ಏನಣ್ಣ ಇದು? ಮೇಲ್ಗಡೆ ತಿಮ್ಮರಾಜು ಅನ್ನೋರು ಕಂಡ್ರಾ? ಮೊದಲ್ನೇ ಹಾರ ಅವರಿಗೇ ಹಾಕ್ಬೇಕಂತೆ."

"ಮೇಲೆ ಯಾರೂ ಇಲ್ಲ ಕಣಮ್ಮ. ಜೇನು ಎದ್ದೈತೆ, ಒಬ್ಬರನ್ನೂ ಹತ್ತಕ್ಕೆ ಬುಡಬ್ಯಾಡಿ."

"ನೀವ್ಯಾರು?"

"ಈಯಮ್ಮನ ಗಂಡ," ಎಂದೆ.

ಆಶಾ ನನ್ನ ಕೈ ಹಿಡಿದು ಮುಂದಿನ ಮೆಟ್ಟಿಲು ಇಳಿಸಿದಳು.